ಜೆಂಡರ್ ಡಿಸ್ಫೋರಿಯಾ ಮತ್ತು ಆತ್ಮಹತ್ಯೆ: ಈ ಅಂಕಿಗಳನ್ನು ಮನೆಯವರು ಹೇಗೆ ಓದಬೇಕು?

ಮಳೆಹನಿ
ನನ್ನ ತಂಗಿಗೆ 19 ವರ್ಷ. ಹುಟ್ಟಿದಾಗ ಗಂಡು ಅಂತ ಬರೆಸಿದ್ದರು. ತಾನು ಹುಡುಗಿ ಅಂತ ಮನೆಯಲ್ಲಿ ಹೇಳಿ ಕೆಲವು ತಿಂಗಳಾಯಿತು. ಮನೋವೈದ್ಯರು ಜೆಂಡರ್ ಡಿಸ್ಫೋರಿಯಾ (ಹುಟ್ಟಿದಾಗ ಬರೆಸಿದ ಲಿಂಗ ತನ್ನದಲ್ಲ ಅನ್ನಿಸಿ ಪಡುವ ಸಂಕಟ) ಅಂದಿದ್ದಾರೆ. ಅವತ್ತಿಂದ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಓದಿದಷ್ಟೂ ಹೆದರಿಕೆ ಜಾಸ್ತಿ ಆಗುತ್ತಿದೆ.

ಒಂದು ಕಡೆ "ಟ್ರಾನ್ಸ್ ಜನರಲ್ಲಿ ಶೇ. 40 ಮಂದಿ ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ" ಅಂತಿದೆ. ಅಪ್ಪ ಇನ್ನೊಂದು ಲೇಖನ ತೋರಿಸಿ, "ಆಪರೇಷನ್ ಆದ ಮೇಲೂ ಸಾಯುತ್ತಾರಂತೆ, ಮತ್ತೆ ಚಿಕಿತ್ಸೆ ಯಾಕೆ?" ಅನ್ನುತ್ತಾರೆ. "ತಕ್ಷಣ ಹಾರ್ಮೋನ್ ಕೊಡಿಸದಿದ್ದರೆ ಮಗು ಉಳಿಯಲ್ಲ" ಅಂತ ಅಮ್ಮ ಎಲ್ಲೋ ಓದಿದ್ದಾರೆ. ರಾತ್ರಿ ಎದ್ದೆದ್ದು ಅವಳ ಕೋಣೆಗೆ ಹೋಗಿ ನೋಡಿ ಬರುತ್ತಾರೆ. ಮೂರೂ ಒಟ್ಟಿಗೆ ನಿಜ ಆಗಿರಲು ಸಾಧ್ಯವೇ?

ಇನ್ನೊಂದು ವಿಷಯ. ಅವಳಿಗೆ ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಬಹುದಾ? ಇಲ್ಲದ ಯೋಚನೆಯನ್ನು ನಾನೇ ತಲೆಗೆ ಹಾಕಿದ ಹಾಗಾಗುತ್ತದೇನೋ ಅನ್ನುವ ಭಯ.

ಹಳೇಓದುಗ
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಕೇಳಿ. ಇವತ್ತೇ ಕೇಳಿ. ಅಂಕಿಗಳು ನಾಳೆಗಾದರೂ ಆಗುತ್ತವೆ.

ರಾತ್ರಿಪಾಳಿ
ಹಳೇಓದುಗರು ಹೇಳಿದ್ದು ಸರಿ. ನಾನು ಮನೋರೋಗ ವಿಭಾಗದಲ್ಲಿ ನರ್ಸ್. ಆತ್ಮಹತ್ಯೆಯ ಬಗ್ಗೆ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಇದನ್ನು ಹಲವು ಸಲ ಪರೀಕ್ಷೆ ಮಾಡಿ ನೋಡಿದ್ದಾರೆ. ಕೇಳಿದಾಗ ಹೆಚ್ಚಿನವರಿಗೆ ಸ್ವಲ್ಪ ಹಗುರವೇ ಆಗುತ್ತದೆ, ಯಾಕೆಂದರೆ ಅಲ್ಲಿವರೆಗೆ ಅದನ್ನು ಒಬ್ಬರೇ ಹೊತ್ತಿರುತ್ತಾರೆ.

ಸುತ್ತಿ ಬಳಸಿ ಕೇಳಬೇಡಿ. "ಏನೂ ತಪ್ಪು ಮಾಡ್ಕೊಳ್ಳಲ್ಲ ಅಲ್ವಾ?" ಅಂತ ಕೇಳಿದರೆ "ಇಲ್ಲ" ಅನ್ನಲೇಬೇಕಾಗುತ್ತದೆ. "ಸಾಯಬೇಕು ಅಂತ ಅನ್ನಿಸುತ್ತಿದೆಯಾ?" ಅಂತ ಸಮಾಧಾನದ ದನಿಯಲ್ಲಿ ಕೇಳಿ. ಹೌದು ಅಂದರೆ ಅಳಬೇಡಿ, ಬೈಯಬೇಡಿ, ಆಣೆ ಹಾಕಿಸಬೇಡಿ. ಕೂತು ಕೇಳಿಸಿಕೊಳ್ಳಿ.

ಅಂಕಿಅಂಶ
ಶೇ. 40ರ ವಿಷಯ. ಆ ಸಂಖ್ಯೆ ಬಂದದ್ದು ಅಮೆರಿಕದ 2015ರ ಟ್ರಾನ್ಸ್‌ಜೆಂಡರ್ ಸಮೀಕ್ಷೆಯಿಂದ. 27,715 ಜನ ಉತ್ತರ ಕೊಟ್ಟಿದ್ದರು. ಅವರಲ್ಲಿ ಶೇ. 40 ಮಂದಿ ಜೀವನದಲ್ಲಿ ಯಾವಾಗಲಾದರೂ ಒಮ್ಮೆ ಆತ್ಮಹತ್ಯೆಗೆ *ಪ್ರಯತ್ನಿಸಿದ್ದೆ* ಅಂದರು. "ಮಾಡಿಕೊಳ್ಳುತ್ತಾರೆ" ಅಂತ ಬರೆದವರು ಶುದ್ಧ ತಪ್ಪು ಬರೆದಿದ್ದಾರೆ. ಉತ್ತರ ಕೊಟ್ಟವರೆಲ್ಲ ಬದುಕಿರುವವರು.

ಹಾಗಂತ ಅದು ಸಣ್ಣ ಸಂಖ್ಯೆಯೂ ಅಲ್ಲ. ಅಲ್ಲಿನ ಸಾಮಾನ್ಯ ಜನರಲ್ಲಿ ಇದೇ ಪ್ರಶ್ನೆಗೆ ಹೌದು ಅಂದವರು ಶೇ. 4.6. ಹಿಂದಿನ ಒಂದು ವರ್ಷದ ಲೆಕ್ಕ ಮಾತ್ರ ತೆಗೆದುಕೊಂಡರೆ ಶೇ. 7, ಎದುರಿಗೆ ಶೇ. 0.6. ಸಮೀಕ್ಷೆಗೆ ಜನ ತಾವಾಗಿಯೇ ಬಂದು ಸೇರಿದ್ದರು, ಲಾಟರಿ ಎತ್ತಿ ಆರಿಸಿದ್ದಲ್ಲ. ಆದ್ದರಿಂದ ಇಡೀ ಸಮುದಾಯಕ್ಕೆ ಅದೇ ಪ್ರಮಾಣ ಅಂತ ಅನ್ವಯಿಸಲು ಬರುವುದಿಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಸಾಲನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಮನೆಯವರ ಬೆಂಬಲ ಇದ್ದವರಲ್ಲಿ ಪ್ರಯತ್ನಿಸಿದವರು ಶೇ. 37. ಮನೆಯವರು ವಿರೋಧಿಸಿದವರಲ್ಲಿ ಶೇ. 54.

ನೇರಮಾತು
ಅಂದರೆ ಹೆದರಿಸಲಿಕ್ಕೆ ಬಳಸುವ ಸಂಖ್ಯೆ ಅಂತಾಯ್ತು. ನಾನು ಇದನ್ನೇ ಹೇಳುತ್ತಾ ಬಂದಿದ್ದೇನೆ. "ಒಪ್ಪಿಕೊಳ್ಳಿ, ಇಲ್ಲದಿದ್ದರೆ ಮಗು ಸಾಯುತ್ತದೆ" ಅಂತ ತಂದೆತಾಯಿಯ ಕುತ್ತಿಗೆಗೆ ಕೂರುವುದು ಸರಿಯಲ್ಲ. ನಿಜವಾದ ಸಾವಿನ ಲೆಕ್ಕ ಎಲ್ಲಿದೆ?

ಅಂಕಿಅಂಶ
@ನೇರಮಾತು ಇದೆ. ಹೆದರಿಸಬಾರದು ಅನ್ನುವುದನ್ನು ಒಪ್ಪುತ್ತೇನೆ. ಅಪಾಯವೇ ಇಲ್ಲ ಅನ್ನುವುದನ್ನು ಒಪ್ಪಲ್ಲ.

ಡೆನ್ಮಾರ್ಕಿನಲ್ಲಿ ಇಡೀ ದೇಶದ ದಾಖಲೆ ಹಿಡಿದು 1980ರಿಂದ 2021ರವರೆಗೆ ನೋಡಿದರು. 2023ರಲ್ಲಿ ಪ್ರಕಟವಾಯಿತು. ಟ್ರಾನ್ಸ್ ಅಂತ ಗುರುತಾದವರು 3,759 ಮಂದಿ. ಅವರಲ್ಲಿ 12 ಜನ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು. ವಯಸ್ಸು ಇತ್ಯಾದಿ ಸರಿದೂಗಿಸಿದ ಮೇಲೆ ಉಳಿದ ಜನರಿಗಿಂತ 3.5 ಪಟ್ಟು ಹೆಚ್ಚು. ಪ್ರಯತ್ನಗಳು 7.7 ಪಟ್ಟು ಹೆಚ್ಚು.

ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್ ಜೆಂಡರ್ ಕ್ಲಿನಿಕ್ಕಿಗೆ 1972ರಿಂದ 2017ರವರೆಗೆ ಬಂದ 8,263 ಜನರನ್ನು ನೋಡಿದ ಇನ್ನೊಂದು ಅಧ್ಯಯನ 2020ರದ್ದು. 49 ಆತ್ಮಹತ್ಯೆಗಳು. ಅಲ್ಲೂ ಮೂರು ನಾಲ್ಕು ಪಟ್ಟು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಪಾಯ ಹಲವು ಪಟ್ಟು ಹೆಚ್ಚು, ಅದು ನಿಜ. ಸಾವಿರಾರು ಜನರಲ್ಲಿ ಬಹುಪಾಲು ಎಲ್ಲರೂ ಬದುಕಿದ್ದಾರೆ, ಅದೂ ನಿಜ. ಮಳೆಹನಿಯವರ ಅಮ್ಮನಿಗೆ ಈ ಎರಡನೇ ಮಾತು ಯಾರಾದರೂ ಹೇಳಬೇಕು.

ಸೂಜಿಮಲ್ಲಿಗೆ
ಡೆನ್ಮಾರ್ಕಿನ ಅಧ್ಯಯನದಲ್ಲಿ ಇನ್ನೊಂದು ಇದೆ: ದಶಕಗಳು ಕಳೆದಂತೆ ಪ್ರಮಾಣ ಕಡಿಮೆಯಾಗುತ್ತಾ ಬಂದಿದೆ. ಇದು ಹಣೆಬರಹ ಆಗಿದ್ದರೆ ಇಳಿಯುತ್ತಿರಲಿಲ್ಲ.

ಗಾಳಿಪಟ
ನಾನು ಟ್ರಾನ್ಸ್ ಹೆಣ್ಣು. ಸಂಖ್ಯೆಗಳ ಮಧ್ಯೆ ಒಂದು ಮಾತು ಹೇಳಬೇಕು.

ಡಿಸ್ಫೋರಿಯಾ ಅಂದರೆ ಏನು ಅಂತ ಹೊರಗಿನವರಿಗೆ ಹೇಳುವುದು ಕಷ್ಟ. ಕನ್ನಡಿ ಒಂದೇ ಅಲ್ಲ. ಫೋನಿನಲ್ಲಿ ನನ್ನದೇ ದನಿ ಕೇಳಿ ಮಾತು ನಿಲ್ಲಿಸುತ್ತಿದ್ದೆ. ಫೋಟೋ ತೆಗೆಯುವಾಗ ಹಿಂದೆ ಸರಿಯುತ್ತಿದ್ದೆ. ಮುಂದಿನ ಐದು ವರ್ಷದ ಬಗ್ಗೆ ಯಾರಾದರೂ ಕೇಳಿದರೆ ಏನೂ ಕಾಣುತ್ತಿರಲಿಲ್ಲ, ಯಾಕೆಂದರೆ ಆ ಮುಂದಿನ ದಿನಗಳಲ್ಲಿ ಇರುವ ಮನುಷ್ಯ ನಾನಲ್ಲ. ಇದು ದುಃಖ ಅನ್ನುವುದಕ್ಕಿಂತ ಸುಸ್ತು.

ಆದರೆ ಸಾಯಬೇಕು ಅನ್ನಿಸಿದ್ದು ಆ ಸುಸ್ತಿನಿಂದ ಮಾತ್ರ ಅಲ್ಲ. ಮನೆಯಲ್ಲಿ ನಾನು ಬಂದ ತಕ್ಷಣ ಮಾತು ನಿಲ್ಲುತ್ತಿತ್ತಲ್ಲ, ಅದರಿಂದ. ಕ್ಲಾಸಿನಲ್ಲಿ ಹೆಸರು ಕೂಗಿದಾಗ ಹಿಂದಿನ ಬೆಂಚಿನಿಂದ ಬರುವ ನಗುವಿನಿಂದ. ಶೌಚಾಲಯಕ್ಕೆ ಹೋಗಲು ಹೆದರಿ ದಿನವಿಡೀ ನೀರು ಕುಡಿಯದೆ ಇರುವುದರಿಂದ. ಈ ದೇಹದ ಜೊತೆ ಹೇಗೋ ಬದುಕಬಹುದು ಅಂತ ಬೆಳಿಗ್ಗೆ ಎದ್ದರೆ, ಸಂಜೆಯೊಳಗೆ ಜನ ಅದನ್ನು ತಪ್ಪು ಅಂತ ಸಾಬೀತು ಮಾಡುತ್ತಿದ್ದರು.

ಸೂಜಿಮಲ್ಲಿಗೆ
@ಗಾಳಿಪಟ ನೀವು ಹೇಳಿದ್ದನ್ನೇ ಸಂಶೋಧಕರು ಅಲ್ಪಸಂಖ್ಯಾತರ ಒತ್ತಡ ಅನ್ನುತ್ತಾರೆ. ಇಲಾನ್ ಮೇಯರ್ 2003ರಲ್ಲಿ ಇದನ್ನು ಸಲಿಂಗಿಗಳ ಬಗ್ಗೆ ವಿವರವಾಗಿ ಬರೆದರು. ಆಮೇಲೆ ಬೇರೆಯವರು ಟ್ರಾನ್ಸ್ ಜನರಿಗೂ ಅದನ್ನು ಹೊಂದಿಸಿದರು. ಹೊರಗಿನ ಬೈಗುಳ, ಹಿಂಸೆ ಒಂದು ಪದರ. ಯಾವಾಗ ಏನಾಗುತ್ತದೋ ಅಂತ ಸದಾ ಕಾಯುತ್ತಾ ಇರುವುದು ಇನ್ನೊಂದು ಪದರ. ಜನ ಹೇಳಿದ್ದನ್ನು ತಾನೇ ನಂಬಲು ಶುರು ಮಾಡುವುದು ಮೂರನೆಯದು. ಮೂರನೆಯದು ಹೊರಗೆ ಕಾಣುವುದಿಲ್ಲ, ಹಾಗಾಗಿ ಮನೆಯವರಿಗೆ ಗೊತ್ತಾಗುವುದೂ ಇಲ್ಲ.

ನೇರಮಾತು
ಇದೆಲ್ಲ ಸರಿ. ಸ್ವೀಡನ್ನಿನ ಅಧ್ಯಯನಕ್ಕೆ ಏನು ಹೇಳುತ್ತೀರಿ? ಮಳೆಹನಿಯವರ ತಂದೆ ತೋರಿಸಿದ್ದು ಬಹುಶಃ ಅದೇ. ಸರ್ಜರಿ ಆದವರಲ್ಲಿ ಆತ್ಮಹತ್ಯೆ 19 ಪಟ್ಟು. ಸಮಾಜದ ಒತ್ತಡವೇ ಕಾರಣ ಆಗಿದ್ದರೆ ಸ್ವೀಡನ್ನಿನಂಥ ದೇಶದಲ್ಲಿ ಹಾಗೆ ಆಗಬಾರದಿತ್ತು ಅಲ್ವಾ?

ರಾತ್ರಿಪಾಳಿ
ಆ ಅಧ್ಯಯನ ಎಲ್ಲ ಚರ್ಚೆಗಳಲ್ಲೂ ಬರುತ್ತದೆ, ಪ್ರತಿ ಸಲವೂ ಅರ್ಧ ಮಾತ್ರ ಬರುತ್ತದೆ. 2011ರಲ್ಲಿ ಪ್ರಕಟವಾದದ್ದು. 1973ರಿಂದ 2003ರವರೆಗೆ ಸರ್ಜರಿ ಮಾಡಿಸಿಕೊಂಡ 324 ಜನ. 19.1 ಪಟ್ಟು ಅನ್ನುವ ಅಂಕಿ ನಿಜ. ಆದರೆ ಹೋಲಿಸಿದ್ದು ಯಾರ ಜೊತೆ? ಡಿಸ್ಫೋರಿಯಾ ಇಲ್ಲದ ಸಾಮಾನ್ಯ ಜನರ ಜೊತೆ. ಡಿಸ್ಫೋರಿಯಾ ಇದ್ದೂ ಚಿಕಿತ್ಸೆ ಸಿಗದವರ ಜೊತೆ ಅಲ್ಲ. ಹಾಗಾಗಿ ಚಿಕಿತ್ಸೆಯಿಂದ ಉಪಯೋಗ ಆಯಿತೋ ಇಲ್ಲವೋ ಅಂತ ಅದರಿಂದ ಹೇಳಲು ಬರುವುದಿಲ್ಲ. ಇದನ್ನು ಬರೆದವರೇ ಆ ಲೇಖನದಲ್ಲಿ ಎಚ್ಚರಿಸಿದ್ದಾರೆ. 1989ರ ನಂತರ ಸರ್ಜರಿ ಆದವರಲ್ಲಿ ಒಟ್ಟು ಸಾವಿನ ಪ್ರಮಾಣದ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಉಳಿಯಲಿಲ್ಲ ಅಂತಲೂ ಅಲ್ಲೇ ಇದೆ.

ಕ್ಯಾನ್ಸರ್ ಆಸ್ಪತ್ರೆಯಿಂದ ಮನೆಗೆ ಹೋದವರನ್ನು ಆರೋಗ್ಯವಂತರ ಜೊತೆ ಹೋಲಿಸಿ, "ನೋಡಿ, ಔಷಧಿ ತೆಗೆದುಕೊಂಡವರೇ ಜಾಸ್ತಿ ಸಾಯುತ್ತಾರೆ" ಅಂದ ಹಾಗೆ ಅದು.

ಅದರಿಂದ ನಾವು ಕಲಿಯಬೇಕಾದ್ದು ಬೇರೆ. ಸರ್ಜರಿ ಆಯಿತು, ಇನ್ನು ಎಲ್ಲ ಸರಿ ಹೋಯಿತು ಅಂತ ಫೈಲು ಮುಚ್ಚಬಾರದು. ಆಮ್‌ಸ್ಟರ್‌ಡ್ಯಾಮ್ ಅಧ್ಯಯನವೂ ಅದನ್ನೇ ಹೇಳುತ್ತದೆ: ಮೊದಲ ಭೇಟಿಯಿಂದ ಹಿಡಿದು ಚಿಕಿತ್ಸೆ ಮುಗಿದ ಮೇಲಿನವರೆಗೆ, ಯಾವ ಹಂತದಲ್ಲೂ ಅಪಾಯ ಇದ್ದೇ ಇತ್ತು.

ನೇರಮಾತು
ಸರಿ, ಹೋಲಿಕೆಯ ಮಾತು ಒಪ್ಪುವಂಥದ್ದು. ಆದರೆ ಚಿಕಿತ್ಸೆ ಜೀವ ಉಳಿಸುತ್ತದೆ ಅನ್ನುವುದಕ್ಕೂ ಅದೇ ಅಳತೆ ಹಾಕಬೇಕು. ಫಿನ್‌ಲ್ಯಾಂಡಿನ 2024ರ ಅಧ್ಯಯನ ನೋಡಿ. ಜೆಂಡರ್ ಕ್ಲಿನಿಕ್ಕಿಗೆ ಬಂದ 2,083 ಹದಿಹರೆಯದವರು ಮತ್ತು ಯುವಕರು. ಮೊದಲಿನಿಂದ ಇದ್ದ ಮಾನಸಿಕ ಕಾಯಿಲೆಗಳ ಚಿಕಿತ್ಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆತ್ಮಹತ್ಯೆಯಲ್ಲಿ ಗಮನಾರ್ಹ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಖಿನ್ನತೆಯನ್ನು ನೋಡಿ ಅಂತ.

ಅಂಕಿಅಂಶ
ಖಿನ್ನತೆಯನ್ನು ನೋಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಖಿನ್ನತೆ ಯಾಕೆ ಬಂತು ಅನ್ನುವುದನ್ನು ಆ ಲೆಕ್ಕ ಹೇಳುವುದಿಲ್ಲ. ಡಿಸ್ಫೋರಿಯಾದಿಂದ, ತಿರಸ್ಕಾರದಿಂದ ಖಿನ್ನತೆ ಬಂದಿದ್ದರೆ, ಖಿನ್ನತೆಯನ್ನು ಕಳೆದುಬಿಟ್ಟಾಗ ಮೂಲ ಕಾರಣವೂ ಲೆಕ್ಕದಿಂದ ಮಾಯವಾಗುತ್ತದೆ. ಸಾವುಗಳ ಸಂಖ್ಯೆಯೂ ತುಂಬಾ ಚಿಕ್ಕದು. ಚಿಕ್ಕ ಸಂಖ್ಯೆಯಲ್ಲಿ "ವ್ಯತ್ಯಾಸ ಕಾಣಲಿಲ್ಲ" ಅಂದರೆ "ವ್ಯತ್ಯಾಸ ಇಲ್ಲ" ಅಂತ ಆಗುವುದಿಲ್ಲ.

ಚಿಕಿತ್ಸೆಯ ಪರವಾಗಿ ಒಂದು ಗಟ್ಟಿ ಪ್ರಯೋಗ ಇದೆ. ಆಸ್ಟ್ರೇಲಿಯಾ, 2023. 64 ವಯಸ್ಕರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಟೆಸ್ಟೊಸ್ಟಿರಾನ್ (ಗಂಡು ಹಾರ್ಮೋನ್) ತಕ್ಷಣ, ಇನ್ನೊಂದಕ್ಕೆ ಮೂರು ತಿಂಗಳು ಕಾಯುವುದು. ತಕ್ಷಣ ಸಿಕ್ಕವರಲ್ಲಿ ಡಿಸ್ಫೋರಿಯಾ, ಖಿನ್ನತೆ, ಸಾಯುವ ಯೋಚನೆ ಮೂರೂ ಕಡಿಮೆಯಾದವು. ಚಿಕ್ಕ ಪ್ರಯೋಗ, ಅಲ್ಪಾವಧಿ, ಟ್ರಾನ್ಸ್ ಗಂಡಸರು ಮತ್ತು ನಾನ್‌ಬೈನರಿ (ಗಂಡು-ಹೆಣ್ಣು ಎರಡರಲ್ಲೂ ಪೂರ್ತಿ ಸೇರದ) ಜನರ ಮೇಲೆ ಮಾಡಿದ್ದು. ಆದರೂ ಕಾಯಿಸುವುದು ಸುಮ್ನೆ ಕಳೆಯುವ ಸಮಯ ಅಲ್ಲ ಅನ್ನುವುದನ್ನು ಅದು ತೋರಿಸಿತು.

ಬೆಳಗುಜಾವ
ಮಧ್ಯೆ ಒಂದು ಪ್ರಶ್ನೆ. ಇದು ಮಾನಸಿಕ ಕಾಯಿಲೆಯಾ ಅಲ್ಲವಾ? ನಮ್ಮ ಮನೆಯಲ್ಲಿ ಇದೇ ಜಗಳ.

ಸೂಜಿಮಲ್ಲಿಗೆ
@ಬೆಳಗುಜಾವ ಟ್ರಾನ್ಸ್ ಆಗಿರುವುದು ಕಾಯಿಲೆ ಅಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 2013ರಲ್ಲಿ ಹಳೆಯ "ಅಸ್ವಸ್ಥತೆ" ಅನ್ನುವ ಹೆಸರು ಬಿಟ್ಟು ಡಿಸ್ಫೋರಿಯಾ ಅಂತ ಮಾಡಿತು. ಅಂದರೆ ಗುರುತಿಸುವುದು ವ್ಯಕ್ತಿ ಪಡುವ ಸಂಕಟವನ್ನು. ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಮುಂದೆ ಹೋಯಿತು. 2019ರಲ್ಲಿ ಒಪ್ಪಿ 2022ರಿಂದ ಜಾರಿಗೆ ಬಂದ ಐಸಿಡಿ-11 ಅನ್ನುವ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹಾಕಿದರು.

ಬೆಳಗುಜಾವ
ಮತ್ತೆ ಮನೋವೈದ್ಯರ ಹತ್ತಿರ ಯಾಕೆ ಹೋಗಬೇಕು?

ರಾತ್ರಿಪಾಳಿ
ಸಂಕಟ ಇದ್ದರೆ ಸಹಾಯ ಬೇಕು, ಅದಕ್ಕೆ. ಅಪ್ಪ ತೀರಿಕೊಂಡು ನಿದ್ದೆ ಬಾರದವರೂ ನಮ್ಮ ಹತ್ತಿರ ಬರುತ್ತಾರೆ. ಅಪ್ಪನನ್ನು ಪ್ರೀತಿಸಿದ್ದು ಕಾಯಿಲೆ ಅಂತಲ್ಲವಲ್ಲ.

ಮಳೆಹನಿ
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಕೇಳಿದೆ.

ಹೌದು ಅಂದಳು. ಯಾವಾಗಲೂ ಅಲ್ಲ, ಕೆಲವು ದಿನ. ಮನೆಯಲ್ಲಿ ಜಗಳ ಆದ ರಾತ್ರಿಗಳಲ್ಲಿ ಜಾಸ್ತಿ. ಹೇಗೆ ಅಂತ ಯೋಚಿಸಿದ್ದೀಯಾ ಅಂತಲೂ ಕೇಳಿದೆ. ಸ್ವಲ್ಪ ಸುಮ್ಮನಿದ್ದು "ಒಂದೆರಡು ಸಲ" ಅಂದಳು. ಅಪ್ಪ ಅಮ್ಮನಿಗೆ ಹೇಳಬೇಡ ಅಂದಳು. ಈಗ ಏನು ಮಾಡಲಿ? ಮಾತು ಕೊಟ್ಟುಬಿಟ್ಟರೆ ಸರೀನಾ?

ಹಳೇಓದುಗ
ಗುಟ್ಟಾಗಿ ಇಡುತ್ತೇನೆ ಅಂತ ಮಾತು ಕೊಡಬೇಡಿ. "ನಿನಗೆ ಗೊತ್ತಿಲ್ಲದೆ ಯಾರಿಗೂ ಹೇಳಲ್ಲ" ಅಂತ ಮಾತು ಕೊಡಿ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ರಾತ್ರಿಪಾಳಿ
@ಮಳೆಹನಿ ಅವಳು ನಿಮಗೆ ಹೇಳಿದ್ದೇ ದೊಡ್ಡದು. ಈಗ ನಿಧಾನವಾಗಿ ಓದಿ.

ಹೇಗೆ ಅಂತ ಯೋಚಿಸಿದ್ದಾಳೆ ಅಂದರೆ, ಅವಳು ಯೋಚಿಸಿದ ವಸ್ತು ಕೈಗೆ ಸಿಗದ ಹಾಗೆ ಮಾಡುವುದು ಮೊದಲ ಕೆಲಸ. ಅವಳಿಗೆ ಹೇಳಿಯೇ ಮಾಡಿ, ಒಪ್ಪಿಗೆ ತೆಗೆದುಕೊಂಡು. ಯಾವ ವಸ್ತು ಅಂತ ಇಲ್ಲಿ ಬರೆಯಬೇಡಿ. ತೀರಾ ಬಿಗಿಯಾದ ಗಳಿಗೆ ಹೆಚ್ಚಿನವರಲ್ಲಿ ಬಂದು ಹೋಗುತ್ತದೆ, ಕೆಲವೊಮ್ಮೆ ಗಂಟೆಯೊಳಗೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕುತ್ತಾರೆ ಅನ್ನುವ ಮಾತು ಬಹಳ ಜನರ ವಿಷಯದಲ್ಲಿ ಸುಳ್ಳು.

ಆಮೇಲೆ ಇಬ್ಬರೂ ಕೂತು ಸುರಕ್ಷತಾ ಯೋಜನೆ ಬರೆಯಿರಿ. ಇದು ಸ್ಟ್ಯಾನ್ಲಿ ಮತ್ತು ಬ್ರೌನ್ ಅನ್ನುವವರು ರೂಪಿಸಿದ ವಿಧಾನ, ಒಂದೇ ಹಾಳೆ ಸಾಕು. ಆ ಯೋಚನೆ ಬರುವ ಮುಂಚೆ ಏನಾಗುತ್ತದೆ ಅಂತ ಅವಳ ಮಾತಿನಲ್ಲೇ ಬರೆಯಬೇಕು. ನಿಮ್ಮ ತಂಗಿಗೆ ಅದು ಈಗಾಗಲೇ ಗೊತ್ತು: ಮನೆಯಲ್ಲಿ ಜಗಳ. ಆಗ ಒಬ್ಬಳೇ ಏನು ಮಾಡಬಹುದು, ಯಾರ ಜೊತೆ ಕೂತರೆ ಮನಸ್ಸು ಬೇರೆ ಕಡೆ ಹೋಗುತ್ತದೆ, ಯಾರಿಗೆ ನಿಜ ಹೇಳಬಹುದು, ಯಾವ ವೈದ್ಯರಿಗೆ ಫೋನ್ ಮಾಡಬೇಕು. ಕೊನೆಗೆ ಸುತ್ತಲಿನ ಜಾಗ ಸುರಕ್ಷಿತ ಮಾಡುವುದು. 1,640 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2018ರಲ್ಲಿ ಬಂತು. ತುರ್ತು ವಿಭಾಗದಲ್ಲಿ ಹೀಗೆ ಯೋಜನೆ ಬರೆದು, ಆಮೇಲೆ ಫೋನ್ ಮಾಡಿ ವಿಚಾರಿಸುತ್ತಾ ಇದ್ದವರಲ್ಲಿ ಆರು ತಿಂಗಳಲ್ಲಿ ಆತ್ಮಹತ್ಯೆಯ ಪ್ರಯತ್ನ ಮತ್ತು ಅಂಥ ನಡವಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಕಾಗದದಷ್ಟೇ ಆ ಫೋನ್ ಕರೆಯೂ ಮುಖ್ಯ.

ಅವಳ ಮನೋವೈದ್ಯರಿಗೆ ಈ ವಾರವೇ ಹೇಳಿ. ಡಿಸ್ಫೋರಿಯಾ ಅಂತ ಹೇಳಿ ಕಳಿಸುವಾಗ ಅವರು ಇದನ್ನು ಕೇಳಿದ್ದರೋ ಇಲ್ಲವೋ ಗೊತ್ತಿಲ್ಲ. ಇಂಥ ದಿನ ಅಂತ ನಿಗದಿ ಮಾಡಿದ್ದರೆ, ವಿದಾಯದ ಹಾಗೆ ಮಾತಾಡಿದರೆ, ತನಗೆ ಪ್ರೀತಿಯ ವಸ್ತುಗಳನ್ನು ಹಂಚಲು ಶುರು ಮಾಡಿದರೆ, ತುಂಬಾ ದಿನ ಕಂಗಾಲಾಗಿದ್ದವಳು ಕಾರಣ ಇಲ್ಲದೆ ಒಮ್ಮೆಲೇ ಶಾಂತವಾದರೆ, ವಾರ ಕಾಯಬೇಡಿ. ಒಬ್ಬಳನ್ನೇ ಬಿಡದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.

ನಿರ್ವಾಹಕರು
ಎಲ್ಲರಲ್ಲೂ ವಿನಂತಿ: ವಿಧಾನಗಳ ಬಗ್ಗೆ ಇಲ್ಲಿ ಯಾರೂ ಬರೆಯಬಾರದು, ಕೇಳಲೂಬಾರದು. ಓದುತ್ತಿರುವವರಲ್ಲಿ ಯಾರಿಗಾದರೂ ಈಗ ಕಷ್ಟ ಆಗುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು.

ಗಾಳಿಪಟ
ಮಳೆಹನಿಯವರೇ, ನೀವು ಇಲ್ಲಿ ಅವಳನ್ನು ತಂಗಿ ಅಂತ ಬರೆದಿರಿ. ಮನೆಯಲ್ಲೂ ಹಾಗೇ ಕರೆಯುತ್ತೀರಾ? ಅಪ್ಪ ಅಮ್ಮನ ಎದುರಿಗೆ?

ಮಳೆಹನಿ
ಅವಳ ಜೊತೆ ಇರುವಾಗ ಕರೆಯುತ್ತೇನೆ. ಅಪ್ಪ ಇದ್ದರೆ ಹೆಸರೇ ಹೇಳದೆ ಮಾತಾಡುತ್ತೇನೆ.

ಗಾಳಿಪಟ
ಅಪ್ಪನ ಎದುರಿಗೆ ಒಂದು ಸಲ ಕರೆದು ನೋಡಿ. ಜಗಳ ಆಗಬಹುದು, ಅದಕ್ಕೆ ಮೊದಲು ಅವಳನ್ನು ಕೇಳಿ. ಆದರೆ ಒಬ್ಬರಾದರೂ ತನ್ನ ಪರ ನಿಲ್ಲುತ್ತಾರೆ ಅನ್ನುವುದು ಬಾಗಿಲ ಹಿಂದೆ ಕೂತು ಕೇಳಿದವರಿಗೆ ಮಾತ್ರ ಗೊತ್ತಾಗುವ ವಿಷಯ. ನನ್ನ ಪರ ನಮ್ಮ ಚಿಕ್ಕಮ್ಮ ನಿಂತರು. ಅವರಿಗೆ ಹಾರ್ಮೋನ್ ಗೊತ್ತಿಲ್ಲ, ಡಿಸ್ಫೋರಿಯಾ ಗೊತ್ತಿಲ್ಲ. "ಅವಳು ಅಂದ್ರೆ ಅವಳು, ಅಷ್ಟೇ" ಅಂದರು.

ಸೂಜಿಮಲ್ಲಿಗೆ
ಇದಕ್ಕೂ ಅಧ್ಯಯನ ಇದೆ. 2018ರಲ್ಲಿ 129 ಟ್ರಾನ್ಸ್ ಯುವಜನರನ್ನು ಕೇಳಿದರು: ನೀವು ಆರಿಸಿಕೊಂಡ ಹೆಸರನ್ನು ಎಲ್ಲೆಲ್ಲಿ ಬಳಸಲು ಆಗುತ್ತದೆ? ಮನೆ, ಶಾಲೆ, ಕೆಲಸ, ಗೆಳೆಯರು. ಇಂಥ ಜಾಗ ಒಂದೊಂದು ಹೆಚ್ಚಾದಂತೆ ಸಾಯುವ ಯೋಚನೆ ಶೇ. 29, ಆತ್ಮಹತ್ಯೆಯ ನಡವಳಿಕೆ ಶೇ. 56 ಕಡಿಮೆ ಇತ್ತು.

ಅಂಕಿಅಂಶ
129 ಜನ ಅಂದರೆ ಚಿಕ್ಕ ಗುಂಪು. ಹೆಸರು ಒಪ್ಪುವ ಮನೆಯಲ್ಲಿ ಬೇರೆ ಒಳ್ಳೆಯದೂ ಇರುತ್ತದೆ, ಹೆಸರೊಂದರ ಪರಿಣಾಮ ಅಂತ ಬಿಡಿಸಿ ಹೇಳಲಾಗದು. ಆದರೆ ಹೆಸರು ಹಿಡಿದು ಕರೆಯಲು ಯಾವ ಪ್ರಿಸ್ಕ್ರಿಪ್ಷನ್ನೂ ಬೇಡ, ಅಡ್ಡಪರಿಣಾಮವೂ ಇಲ್ಲ. ಪೂರ್ತಿ ಪುರಾವೆ ಬರಲಿ ಅಂತ ಕಾಯುವ ವಿಷಯ ಇದಲ್ಲ.

ಎರಡುಮಕ್ಕಳಪ್ಪ
ನನ್ನ ದೊಡ್ಡ ಮಗ ಟ್ರಾನ್ಸ್ ಗಂಡು. ತಂದೆಯಾಗಿ ಹೇಳುತ್ತೇನೆ. ನಿಮ್ಮ ಅಪ್ಪನನ್ನು ಅಂಕಿಗಳಿಂದ ಸೋಲಿಸಲು ಹೋಗಬೇಡಿ. ಅವರು ಆ ಲೇಖನ ಹುಡುಕಿದ್ದೇ ಹೆದರಿಕೆಯಿಂದ. ಅದು ತಪ್ಪು ಅಂತ ತೋರಿಸಿದರೆ ಇನ್ನೊಂದನ್ನು ಹುಡುಕುತ್ತಾರೆ.

ಮಗ ಹೇಳಿದಾಗ ನನಗೆ ಅನ್ನಿಸಿದ್ದು ಒಂದೇ, ಇವನನ್ನು ಹೊರಗಿನ ಜನ ಹೊಡೆದುಹಾಕುತ್ತಾರೆ ಅಂತ. ಆ ಮಾತು ಬಾಯಿಗೆ ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಇದೇ ದಾರಿಯಲ್ಲಿ ನಡೆದ ಇನ್ನೊಬ್ಬ ತಂದೆಯ ಜೊತೆ ಮಾತಾಡಿದ ಮೇಲೆ ಸಿಟ್ಟು ಇಳಿಯಿತು. ನಿಮ್ಮ ಅಪ್ಪನಿಗೆ ಅಂಥ ಒಬ್ಬರನ್ನು ಹುಡುಕಿ ಕೊಡಿ. ತನ್ನ ಅಳುವನ್ನು ಅವರ ಹತ್ತಿರ ಅಳಲಿ, ಮಗಳ ಹತ್ತಿರ ಅಲ್ಲ. ಅವಳ ಮೇಲೆ ಈಗಾಗಲೇ ಸಾಕಷ್ಟು ಭಾರ ಇದೆ.

ಅಮ್ಮನ ವಿಷಯ: ರಾತ್ರಿ ಬಾಗಿಲು ತೆಗೆದು ನೋಡುವುದನ್ನು ಅವಳು ಕಾವಲು ಅಂತ ತಿಳಿಯಬಹುದು. ಹಗಲು ಜೊತೆಗೆ ಕೂತು ಏನಾದರೂ ನೋಡಲಿ, ಸುಮ್ನೆ ಇರಲಿ.

ನೇರಮಾತು
ಎರಡುಮಕ್ಕಳಪ್ಪ ಅವರ ಮಾತು ಹಿಡಿಸಿತು. ಆದರೂ ಒಂದು ಅಂಶ ಬಿಡಲಾರೆ. ಇಂಗ್ಲೆಂಡಿನ ಕ್ಯಾಸ್ ವರದಿ, 2024ರ ಏಪ್ರಿಲ್. ಮಕ್ಕಳು, ಹದಿಹರೆಯದವರ ಹಾರ್ಮೋನ್ ಚಿಕಿತ್ಸೆಗೆ ಇರುವ ಪುರಾವೆ ದುರ್ಬಲ ಅಂತ ಅದು ಹೇಳಿತು. ಈ ಚಿಕಿತ್ಸೆಯಿಂದ ಆತ್ಮಹತ್ಯೆಯ ಅಪಾಯ ಇಳಿಯುತ್ತದೆ ಅನ್ನುವುದಕ್ಕೂ ಪುರಾವೆ ಸಾಲದು ಅಂದಿತು. ಹಾಗಿದ್ದಾಗ ಅವಸರ ಯಾಕೆ?

ಗಾಳಿಪಟ
ಇವಳಿಗೆ 19. ಕ್ಯಾಸ್ ವರದಿ ಬರೆದಿದ್ದು ಮಕ್ಕಳ ಜೆಂಡರ್ ಸೇವೆಯ ಬಗ್ಗೆ. ಪ್ರತಿ ಚರ್ಚೆಯನ್ನೂ ಅಲ್ಲಿಗೇ ಎಳೆಯುತ್ತೀರಿ. ಆ ವರದಿಯೂ "ಏನೂ ಮಾಡಬೇಡಿ" ಅನ್ನಲಿಲ್ಲ, ಮಾನಸಿಕ ಆರೋಗ್ಯದ ನೆರವು ಜಾಸ್ತಿ ಕೊಡಿ ಅಂದಿತು. ಆ ನೆರವು ಎಲ್ಲಿ? ವರ್ಷಗಟ್ಟಲೆ ಸರದಿ ಕಾಯುವವರಿಗೆ ಹಾರ್ಮೋನೂ ಇಲ್ಲ, ಕೌನ್ಸೆಲಿಂಗೂ ಇಲ್ಲ. ಅದನ್ನು ಎಚ್ಚರಿಕೆ ಅಂತ ಕರೆಯಬೇಡಿ.

ಅಂಕಿಅಂಶ
ಇಬ್ಬರಿಗೂ ಹೇಳಬೇಕಾದದ್ದು ಇನ್ನೊಂದಿದೆ. ಅದೇ ವರ್ಷ ಜುಲೈನಲ್ಲಿ ಆತ್ಮಹತ್ಯೆ ತಡೆ ತಜ್ಞ ಪ್ರೊ. ಲೂಯಿಸ್ ಆ್ಯಪಲ್ಬಿ ಬ್ರಿಟಿಷ್ ಸರ್ಕಾರಕ್ಕಾಗಿ ಒಂದು ಪರಿಶೀಲನೆ ಮಾಡಿದರು. ಪ್ರೌಢಾವಸ್ಥೆ ತಡೆಯುವ ಔಷಧವನ್ನು ನಿರ್ಬಂಧಿಸಿದ ಮೇಲೆ ಲಂಡನ್ನಿನ ಟ್ಯಾವಿಸ್ಟಾಕ್ ಜೆಂಡರ್ ಕ್ಲಿನಿಕ್ಕಿನ ಮಕ್ಕಳಲ್ಲಿ ಆತ್ಮಹತ್ಯೆ ವಿಪರೀತ ಏರಿತು ಅಂತ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡುತ್ತಿತ್ತು. ಅಂಕಿಗಳು ಅದನ್ನು ಬೆಂಬಲಿಸಲಿಲ್ಲ: ಹಿಂದಿನ ಮೂರು ವರ್ಷದಲ್ಲಿ 5, ನಂತರದ ಮೂರರಲ್ಲಿ 7. ಒಂದೊಂದೂ ಒಂದು ಮನೆಯ ಮಗು. ಆದರೆ ಅಷ್ಟು ಚಿಕ್ಕ ವ್ಯತ್ಯಾಸದಿಂದ ಏನೂ ತೀರ್ಮಾನಿಸಲು ಆಗದು.

ಅವರು ಕೊಟ್ಟ ಎಚ್ಚರಿಕೆ ನನಗೆ ಮುಖ್ಯ ಅನ್ನಿಸಿದ್ದು. ಚಿಕಿತ್ಸೆ ಸಿಗದಿದ್ದರೆ ಆತ್ಮಹತ್ಯೆ ಖಂಡಿತ ಅನ್ನುವ ಹಾಗೆ ದೊಡ್ಡವರು ಮಾತಾಡಿದರೆ, ಸಂಕಟದಲ್ಲಿರುವ ಮಕ್ಕಳು ಅದನ್ನು ಕೇಳಿಸಿಕೊಳ್ಳುತ್ತಾರೆ. ಆತ್ಮಹತ್ಯೆಯನ್ನು ನಿರೀಕ್ಷಿತ ಅಂತ ತೋರಿಸುವುದೇ ಅಪಾಯ. ಇದು ಚಿಕಿತ್ಸೆಯ ಪರ ಇರುವವರೂ ಕೇಳಬೇಕಾದ ಮಾತು. ನಾನು ಪರ ಇರುವವನೇ.

ಗಾಳಿಪಟ
ಇದನ್ನು ಒಪ್ಪುತ್ತೇನೆ. ಹದಿನಾರರ ವಯಸ್ಸಿನಲ್ಲಿ ನಾನು ಓದಿದ ಪ್ರತಿ ಟ್ರಾನ್ಸ್ ಕಥೆಯೂ ಸಾವಿನಲ್ಲೇ ಮುಗಿಯುತ್ತಿತ್ತು. ನಲವತ್ತು ದಾಟಿದ, ಕೆಲಸಕ್ಕೆ ಹೋಗುವ, ಬೆನ್ನುನೋವು ಅಂತ ಗೊಣಗುವ ಒಬ್ಬ ಟ್ರಾನ್ಸ್ ಹೆಂಗಸನ್ನು ನೋಡಿದ್ದೇ ದೊಡ್ಡ ಔಷಧಿ ಆಯಿತು. ಮಳೆಹನಿ, ನಿಮ್ಮ ತಂಗಿಗೆ ಅಂಥವರ ಪರಿಚಯ ಮಾಡಿಸಿ.

ಅರ್ಧದಾರಿ
ಬರೆಯಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ನಾನು ಹಾರ್ಮೋನ್ ಶುರು ಮಾಡಿ ಆಮೇಲೆ ನಿಲ್ಲಿಸಿದವಳು. ನಿಲ್ಲಿಸಿದಾಗ ಎರಡೂ ಕಡೆಯವರು ದೂರ ಆದರು. ಒಬ್ಬರು "ನಾವು ಮೊದಲೇ ಹೇಳಿರಲಿಲ್ವಾ" ಅಂದರು, ಇನ್ನೊಬ್ಬರು ಮಾತೇ ಬಿಟ್ಟರು. ನನ್ನ ಅತ್ಯಂತ ಕೆಟ್ಟ ದಿನಗಳು ಅವೇ. ಯಾವ ದಾರಿ ಹಿಡಿದರೂ ಜೊತೆಗಿರುತ್ತೇವೆ ಅಂತ ಅವಳಿಗೆ ಈಗಲೇ ಹೇಳಿ. ಅವಳ ದಾರಿ ನನ್ನದಲ್ಲ, ಅವಳು ನನ್ನ ಹಾಗೆ ಮಾಡುತ್ತಾಳೆ ಅಂತಲೂ ನಾನು ಹೇಳುತ್ತಿಲ್ಲ. ನನ್ನ ಕಥೆ ಹಿಡಿದು ಯಾರೂ ಇಲ್ಲಿ ವಾದ ಮಾಡಬೇಡಿ.

ಗಾಳಿಪಟ
@ಅರ್ಧದಾರಿ ಬರೆದಿದ್ದು ಒಳ್ಳೆಯದಾಯಿತು. ಇಲ್ಲೇ ಇರಿ.

ಬೆಳಗುಜಾವ
ವಿಷಯ ಸ್ವಲ್ಪ ಬೇರೆ. ನಮ್ಮ ಹುಡುಗನಿಗೆ ಆಟಿಸಂ ಇದೆ, ಡಿಸ್ಫೋರಿಯಾನೂ ಇದೆ. ಡಾಕ್ಟರು ಒಂದನ್ನು ನೋಡಿದರೆ ಇನ್ನೊಂದನ್ನು ಬಿಡುತ್ತಾರೆ. ಇದು ನಮ್ಮಲ್ಲಿ ಮಾತ್ರಾನಾ?

ಸೂಜಿಮಲ್ಲಿಗೆ
ಇಲ್ಲ, ತುಂಬಾ ಕಡೆ ಹಾಗೇ. 6 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ 2020ರ ಅಧ್ಯಯನದಲ್ಲಿ ಟ್ರಾನ್ಸ್ ಮತ್ತು ಲಿಂಗವೈವಿಧ್ಯದ ಜನರಲ್ಲಿ ಆಟಿಸಂ 3ರಿಂದ 6 ಪಟ್ಟು ಹೆಚ್ಚು ಕಂಡಿತು. ಆಟಿಸಂ ಇರುವವರಲ್ಲೂ ಆತ್ಮಹತ್ಯೆಯ ಅಪಾಯ ಹೆಚ್ಚು. ಹಾಗಾಗಿ ಎರಡನ್ನೂ ಒಬ್ಬರೇ ವೈದ್ಯರು ನೋಡದಿದ್ದರೂ ಇಬ್ಬರು ವೈದ್ಯರು ಪರಸ್ಪರ ಮಾತಾಡಲೇಬೇಕು ಅಂತ ಒತ್ತಾಯ ಮಾಡಿ. ಆಟಿಸಂ ಇದೆ ಅನ್ನುವ ಕಾರಣಕ್ಕೆ ಡಿಸ್ಫೋರಿಯಾವನ್ನು ತಳ್ಳಿಹಾಕುವುದು ತಪ್ಪು. ಬೇರೆ ಎಳೆ ಶುರು ಮಾಡಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.

ಮಳೆಹನಿ
ನಿನ್ನೆ ಆ ಹಾಳೆ ಬರೆದೆವು. ಯಾರಿಗೆ ಫೋನ್ ಮಾಡುತ್ತೀಯಾ ಅಂತ ಕೇಳಿದಾಗ ಮೊದಲು ಒಬ್ಬ ಗೆಳತಿಯ ಹೆಸರು ಬರೆದಳು, ಆಮೇಲೆ ನನ್ನದು. ತೆಗೆದಿಡಬೇಕಾದ್ದನ್ನು ಅವಳೇ ತಂದು ನನ್ನ ಕೈಗೆ ಕೊಟ್ಟಳು. ಅಮ್ಮನಿಗೆ ಹೇಳಲು ಒಪ್ಪಿದ್ದಾಳೆ, ನಾನು ಜೊತೆಗಿದ್ದರೆ.

ಗುರುವಾರ ಮನೋವೈದ್ಯರ ಭೇಟಿ ಇದೆ. ಅಪ್ಪ ನಾನೂ ಬರುತ್ತೇನೆ ಅನ್ನುತ್ತಿದ್ದಾರೆ. ಕರೆದುಕೊಂಡು ಹೋಗಲಾ?

ಎರಡುಮಕ್ಕಳಪ್ಪ
ಅವಳನ್ನು ಕೇಳಿ. ಬೇಡ ಅಂದರೆ ಈ ಸಲ ಬೇಡ. ಅಪ್ಪನಿಗೆ ಪ್ರತ್ಯೇಕ ಸಮಯ ಕೇಳಿ, ಅವರ ಪ್ರಶ್ನೆಗಳನ್ನು ಅವರು ಅಲ್ಲಿ ಕೇಳಲಿ. ನಮ್ಮ ವೈದ್ಯರು ಹಾಗೆ ಮಾಡಿದ್ದು ತುಂಬಾ ಉಪಯೋಗ ಆಯಿತು. ಅವರು ಬರುತ್ತೇನೆ ಅಂದದ್ದನ್ನು ಮಾತ್ರ ಅವಳಿಗೆ ತಿಳಿಸಿ.

ರಾತ್ರಿಪಾಳಿ
ಹೋಗುವಾಗ ಆ ಹಾಳೆ ತೆಗೆದುಕೊಂಡು ಹೋಗಿ. ಒಳಗೆ ಅವಳಿಗೆ ಒಬ್ಬಳೇ ಮಾತಾಡಲು ಸಮಯ ಸಿಗಲಿ. "ಮೂಡ್ ಸರಿಯಿಲ್ಲ" ಅಂತ ಮೊಟಕಾಗಿ ಮುಗಿಸಬೇಡಿ, ಸಾಯುವ ಯೋಚನೆ ಎಷ್ಟು ಸಲ, ಯಾವಾಗ ಅಂತ ಬಿಡಿಸಿ ಹೇಳಿ. ಖಿನ್ನತೆಗೆ ಏನು ಚಿಕಿತ್ಸೆ, ಡಿಸ್ಫೋರಿಯಾಗೆ ಮುಂದಿನ ಹೆಜ್ಜೆ ಏನು, ಅದಕ್ಕೆ ಎಷ್ಟು ಕಾಯಬೇಕು, ಕಾಯುವಾಗ ಅವಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ. ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಎದ್ದು ಬರಬೇಡಿ. ಮುಂದಿನ ಭೇಟಿಯ ದಿನ ಅಲ್ಲೇ ಬರೆಸಿಕೊಳ್ಳಿ.